ಮುಳ್ಳು ಬಾರದ ಬನ್ನಿ

ನಮ್ಮ ಹಿತ್ತಲ ಬಾಗಿಲ ಹಿಂದೆ ನಿಲ್ಲಿಸಿರುವ ಕಡ್ಡಿ ಕಸಬರಿಗೆ ಒಂದೇ ಕಡೆಗೆ ಸವೆದಿದೆ. ಎಡಗಡೆಯ ಕಡ್ಡಿಗಳು ಇನ್ನೂ ಉದ್ದ, ಬಲಗಡೆಯವು ಮೊಂಡು. ನಾನು ಗುಡಿಸುವ ರೀತಿಗೆ ಅದು ಹಾಗಾಗಿದೆ. ಮೊನ್ನೆ ಅದನ್ನು ಎಸೆಯಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಪಡಸಾಲೆಯ ಕನ್ನಡಿಯಲ್ಲಿ ನಾನೂ ಕಂಡೆ. ನನ್ನ ಬಲ ಭುಜವೂ ಇಳಿದಿದೆ. ಇಬ್ಬರೂ ಒಂದೇ ಕೆಲಸಕ್ಕೆ ಸವೆದವರು, ಒಬ್ಬರನ್ನೊಬ್ಬರು ಎಸೆಯುವುದು ಹೇಗೆ ಎಂದು ಅದನ್ನು ಮತ್ತೆ ಬಾಗಿಲ ಹಿಂದೆಯೇ ನಿಲ್ಲಿಸಿದೆ.

ಈ ಭುಜವನ್ನು ಸತ್ತೂರಿನ ದವಾಖಾನೆಯಲ್ಲಿ ತೋರಿಸಿಕೊಂಡು ಬಂದದ್ದೂ ಆಗಿದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಕೈ ಎತ್ತಿಸಿದರು, ಇಳಿಸಿದರು, ಹಿಂದಕ್ಕೆ ತಿರುವಿದರು. ನಾನು ಹಲ್ಲು ಕಚ್ಚಿಕೊಂಡೆ.

"ಏನ್ ಕೆಲಸಾ ಮಾಡ್ತೀರಮ್ಮಾ?"

"ಮನ್ಯಾಗ ಇರ್ತೇನ್ರಿ."

"ಮತ್ತ ಕೈ ಹಿಂಗ್ಯಾಕ ಆತ್ರಿ?"

"ಮನಿ ಮುಂದ ಒಂದು ಗಿಡಾ ಐತ್ರಿ," ಅಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ವಯಸ್ಸಿನಾಗ ಗಿಡಾ ಏರಾಕ ಹೋಗಿದ್ರೇನು?" ಎಂದು ಕೇಳಿದರು.

ಏರಿ ಬಿದ್ದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ನನ್ನದು ಕೆಳಗೆ ನಿಂತು ಬಂದ ರೋಗ. ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ. ಹಾಗಾಗಿ ಡಾಕ್ಟರಮ್ಮನ ಕಣ್ಣಿಗೆ ಏನು ಕಂಡಿತೋ ಗೊತ್ತಿಲ್ಲ. ಖರೇ ಹೇಳಬೇಕೆಂದರೆ ಅದೊಂದು ಮಳೆಮರ. ನಮ್ಮ ಗೇಟಿನ ಪಕ್ಕದಲ್ಲಿ ಹುಟ್ಟಿ, ನಮ್ಮ ಮಾಳಿಗೆಯನ್ನು ದಾಟಿ, ರಸ್ತೆಯನ್ನು ದಾಟಿ, ಎದುರುಮನೆಯ ಪಾಟೀಲರ ಕಾಂಪೌಂಡಿನ ಮೇಲೂ ಕೈ ಚಾಚಿಕೊಂಡು ನಿಂತಿತ್ತು. ಧಾರವಾಡದ ನಮ್ಮ ಓಣಿಗೆ ಬರುವವರಿಗೆಲ್ಲ ಅದೇ ಗುರುತು. 'ದೊಡ್ಡ ಗಿಡದ ಮನಿ' ಎಂದರೆ ಆಟೋದವರು ಬೇರೆ ಏನನ್ನೂ ಕೇಳುವುದಿಲ್ಲ.

ಮಳೆಮರದ ನೆರಳಲ್ಲಿ ನಿಂತವರು ಬೇರೆ, ಮಳೆಮರದ ಕೆಳಗೆ ಬಾಳಿದವರು ಬೇರೆ. ನಿಂತವರು ಮೇಲೆ ನೋಡಿ, "ಆಹಾ, ಏನ್ ತಂಪರೀ!" ಎನ್ನುತ್ತಾರೆ. ಬಾಳಿದವರು ಕೆಳಗೆ ನೋಡುತ್ತಾರೆ. ವರ್ಷವಿಡೀ ಎಲೆ, ಚಳಿ ಮುಗಿಯುತ್ತಲೇ ರಾಶಿರಾಶಿ. ಎಲೆ ಅಂದರೆ ಹಲಸಿನೆಲೆಯಂತೆ ಎತ್ತಿ ಬುಟ್ಟಿಗೆ ಹಾಕುವಂಥದ್ದಲ್ಲ, ಕಾಸಿನಗಲದ ಚೂರುಗಳು. ಗಾಳಿ ಬಂದರೆ ಅಡಿಗೆಮನೆಯ ತನಕ ಬಂದು ಸಾರಿನಲ್ಲಿ ಕರಿಬೇವಿನ ಜೊತೆ ತೇಲುತ್ತವೆ. ಎಲೆಯ ಬೆನ್ನಿಗೇ ಕರಿಯ ಕಾಯಿ, ಅದರೊಳಗೆ ಜೋನಿಬೆಲ್ಲದಂಥ ಅಂಟು. ಚಪ್ಪಲಿಗೆ ಒಂದು ಮೆತ್ತಿಕೊಂಡರೆ ಇಡೀ ಪಡಸಾಲೆಗೆ ಅದರ ಗುರುತು. ಆಮೇಲೆ ಗುಲಾಬಿ ಬಣ್ಣದ ಕುಚ್ಚಿನಂಥ ಹೂವು, ಮಳೆಗಾಲಕ್ಕೆ ಪುಳ್ಳೆ. ಈ ಮರ ಏನನ್ನೂ ಬೀಳಿಸದ ದಿನ ಯಾವುದಾದರೂ ಇದ್ದರೆ ಅದು ನಾನು ತವರಿಗೆ ಹೋದ ದಿನವೇ ಇರಬೇಕು.

ತವರು ಅಂದೆನಲ್ಲ, ಈ ಕಥೆ ಅಲ್ಲಿಂದಲೇ ಶುರುವಾಗಬೇಕು. ನಾನು ಅಮ್ಮಿನಬಾವಿಯವಳು. ನಮ್ಮ ಹೊಲದ ಬದುವಿನ ಮೇಲೆ ಒಂದು ಹಳೆಯ ಬನ್ನಿ ಮರವಿದೆ. ಬೇಸಿಗೆ ರಜೆಯಲ್ಲಿ ಅದರ ಕೆಳಗೆ ಆಡಿ, ಅದರ ಮುಳ್ಳು ತುಳಿದು, ಅವ್ವನಿಂದ ಪಿನ್ನಿನಲ್ಲಿ ತೆಗೆಸಿಕೊಂಡು, ಹೊಡೆತವನ್ನೂ ತಿಂದು ಬೆಳೆದವಳು. ಬನ್ನಿ ಹೇಗಿರುತ್ತದೆ ಎಂದು ನನ್ನ ಅಂಗಾಲಿಗೆ ಗೊತ್ತು.

ನಮ್ಮ ಮಾವನವರಿಗೆ ಗೊತ್ತಿರಲಿಲ್ಲ. ಅವರು ಹುಬ್ಬಳ್ಳಿಯ ಅರಳೆ ಪೇಟೆಯ ಓಣಿಯಲ್ಲಿ ಹುಟ್ಟಿ, ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ಆಯುಷ್ಯ ಕಳೆದವರು. ಕಬ್ಬಿಣವನ್ನು ಕೂದಲೆಳೆಯಷ್ಟು ಕೂಡ ಹೆಚ್ಚುಕಡಿಮೆ ಆಗದಂತೆ ಕೊರೆಯುತ್ತಿದ್ದರು. ಆದರೆ ಬನ್ನಿ ಎಂದರೆ ಅವರಿಗೆ ದಸರೆಯ ದಿನ ಪೇಟೆಯಲ್ಲಿ ಮಾರುವ, ಮುಳ್ಳು ಸವರಿ ಕಟ್ಟಿದ ಸೊಪ್ಪು. ನಾನು ಮದುವೆಯಾಗಿ ಬಂದ ವರ್ಷದ ಮಳೆಗಾಲದಲ್ಲಿ ಅವರ ಕಾರ್ಖಾನೆಯ ಅಂಗಳದಲ್ಲಿ ಸಸಿ ಹಂಚಿದರಂತೆ. ಉಳಿದವರು ಮಾವಿನ ಸಸಿಗೆ, ತೆಂಗಿನ ಸಸಿಗೆ ಮುಗಿಬಿದ್ದಾಗ ಮಾವನವರು ಒಂದು ಮೂಲೆಯಲ್ಲಿ ಜೋಡಿಜೋಡಿ ಸಣ್ಣೆಲೆಯ ಸಸಿ ಕಂಡು, ಬನ್ನಿ ಸಿಕ್ಕಿತೆಂದು ಹಿಗ್ಗಿ, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ತಂದರು.

"ಇನ್ನ ಮ್ಯಾಲೆ ದಸರಿಗೆ ಬನ್ನಿ ಹುಡುಕ್ಕೊಂಡು ತಿರಗೂದ ಬ್ಯಾಡ. ಇಡೀ ಓಣಿಗೆ ನಮ್ಮ ಮನೀ ಬನ್ನಿ," ಎಂದು ಗೇಟಿನ ಪಕ್ಕ ಕುಣಿ ತೋಡಿದರು.

ನಾನು ಹೊಸ ಸೊಸೆ. ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನೀರಿನ ತಂಬಿಗೆ ಹಿಡಿದು ನಿಂತವಳು, "ಮಾವಾರ, ಇದು ಬನ್ನಿ ಅಲ್ರಿ. ಬನ್ನಿಗೆ ಮುಳ್ಳಿರ್ತಾವ," ಅಂದೆ.

ಕುಣಿಗೆ ಮಣ್ಣು ಎಳೆಯುತ್ತಿದ್ದ ಅತ್ತೆಯವರ ಕೈ ಅಲ್ಲಿಯೇ ನಿಂತಿತು. ಮಾವನವರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ತಲೆ ಎತ್ತಿ ನಕ್ಕರು.

"ಕೂಸಿಗೆ ಹುಟ್ಟೂಮುಂದನ ಹಲ್ಲು ಇರ್ತಾವೇನ ಗಿರಿಜವ್ವಾ? ದೊಡ್ಡದಾಗ್ಲಿ, ಬರ್ತಾವ."

ಎಲ್ಲರೂ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ಅಂದಿನಿಂದ ಅದು ನಮ್ಮ ಮನೆಯ ಮಾತಾಗಿ ಉಳಿಯಿತು. ಬೀಗರು ಬಂದರೆ, "ನಮ್ಮ ಸೊಸಿ ಇದು ಬನ್ನಿ ಅಲ್ಲ ಅಂತಾಳ್ರಿ," ಎಂದು ಚಹದ ಜೊತೆ ಬಡಿಸುವರು. ಪ್ರತಿ ದಸರೆಗೆ ನಾನು ಬನ್ನಿ ಕೊಟ್ಟು ಕಾಲಿಗೆ ಎರಗಿದಾಗ ಮಾವನವರು ಕೇಳುವರು, "ಮುಳ್ಳು ಬಂದ್ವೇನವಾ?" ನಾನು, "ಇನ್ನೂ ಇಲ್ರಿ," ಎನ್ನುವೆ. ಮೊದಮೊದಲು ನಗುತ್ತ ಹೇಳುತ್ತಿದ್ದೆ. ಆಮೇಲೆ ನಗು ಬಿಟ್ಟೆ. ಆಮೇಲಾಮೇಲೆ ಅವರು ಊಟ ಆಯಿತೇ ಎಂದು ಕೇಳಿದ ಹಾಗೆ ಕೇಳುವರು, ನಾನು ಆಯಿತು ಎಂದ ಹಾಗೆ ಹೇಳುವೆ.

ಬೆಳೆಸಿದ್ದು ಮಾತ್ರ ಮಗುವನ್ನು ಬೆಳೆಸಿದ ಹಾಗೆಯೇ. ಹಳೆಯ ಧೋತರ ಹರಿದು ಬಿದಿರಿನ ಕೋಲಿಗೆ ಸಡಿಲವಾಗಿ ಕಟ್ಟಿದರು, ಕಾಂಡಕ್ಕೆ ಉಜ್ಜಬಾರದೆಂದು. ಸುತ್ತ ಪಾತಿ ಮಾಡಿ ಶೇಂಗಾ ಹಿಂಡಿ ನೆನೆಸಿ ಹಾಕಿದರು. ಕಾರ್ಖಾನೆಯಿಂದ ಬಂದವರು ಕೈಕಾಲು ತೊಳೆಯುವುದು ಅದರ ಬುಡದಲ್ಲಿಯೇ. ಧಾರವಾಡದ ನಳದ ನೀರಿನ ಕಥೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಬಂದ ದಿನ ಬಂತು, ಬಾರದ ದಿನ ಇಲ್ಲ. ಆ ಬಾರದ ದಿನಗಳಲ್ಲಿ ಅಕ್ಕಿ ತೊಳೆದ ನೀರು, ಭಾಂಡೆ ತೊಳೆದ ನೀರು ಎಲ್ಲವನ್ನೂ ಬಕೀಟಿನಲ್ಲಿ ಕೂಡಿಟ್ಟು ಹಾಕಿದವಳು ನಾನೇ. ಬೈಯುತ್ತ ಹಾಕಿದ್ದೇನೆ, ಆದರೆ ಹಾಕಿದ್ದೇನೆ. ಸಸಿ ಇದ್ದಾಗ ಬಾಡಿದ್ದು ನೋಡಲಾಗುವುದಿಲ್ಲ. ಮುಂದೆ ಅದು ನನ್ನನ್ನು ಬಾಡಿಸುತ್ತದೆ ಎಂದು ಆಗ ಯಾರಿಗೆ ಗೊತ್ತು!

ಅದು ಬೆಳೆಯಿತು ನೋಡಿ. ಬನ್ನಿ ಹೀಗೆ ಬೆಳೆಯುವುದಿಲ್ಲ. ಬನ್ನಿ ಜಿಪುಣರ ಮನೆಯ ತುಪ್ಪದಂತೆ ಇಷ್ಟಿಷ್ಟೇ ಏರುತ್ತದೆ. ಇದು ನಾಲ್ಕಾರು ಮಳೆಗಾಲ ಕಾಣುವುದರೊಳಗೆ ಮಾಳಿಗೆಯನ್ನು ಮುಟ್ಟಿತು. "ಇದು ಬನ್ನಿ ಅಲ್ರಿ," ಎಂದು ಗಂಡನಿಗೆ ಮತ್ತೊಮ್ಮೆ ಹೇಳಿದೆ. "ನಮ್ಮಪ್ಪನ ಕೈಗುಣಾ ಹಂಗೈತಿ," ಅಂದರು.

ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನವರಾತ್ರಿಯ ನಸುಕಿನಲ್ಲಿ ನಮ್ಮ ಗೇಟಿಗೆ ಬರಲು ಶುರು ಮಾಡಿದ್ದರು. ನಮ್ಮಲ್ಲಿ ಹೆಂಗಸರು ಆ ದಿನಗಳಲ್ಲಿ ಬೆಳಕು ಹರಿಯುವ ಮುಂಚೆ ಮಿಂದು ಬನ್ನಿ ಮರ ಸುತ್ತಿ ಬರುತ್ತಾರೆ. ಊರಾಚೆ ಹೋಗಬೇಕಾಗಿದ್ದದ್ದು ಈಗ ಓಣಿಯಲ್ಲೇ ಸಿಕ್ಕಿತಲ್ಲ! ಅತ್ತೆಯವರು ಮುಂದೆ, ಉಳಿದವರು ಹಿಂದೆ. ಕುಂಕುಮ, ಅರಿಷಿಣ, ಹೂವು, ಆರತಿ. ಸಂಜೆ ಈ ಮರದ ಎಲೆ ಮಡಚಿಕೊಳ್ಳುತ್ತದೆ. ದಸರೆಯ ಸಂಜೆ ಕೊಡಲು ಕೈಯಲ್ಲಿ ಹಿಡಿದ ಎಲೆ ಮುದುಡಿದ್ದನ್ನು ನೋಡಿ, "ನಮ್ಮ ಬನ್ನಿ ಕೈ ಮುಗಿತೈತ್ರೀ," ಎಂದು ಓಣಿಯಲ್ಲೆಲ್ಲ ಹೆಮ್ಮೆ.

ಗಿಡಗಳ ಬಗ್ಗೆ ಓದಿಕೊಂಡಿದ್ದ ಒಬ್ಬ ಮಾಸ್ತರರು ಹೀಗೆ ಒಮ್ಮೆ ನಸುಕಿನ ವಾಕಿಂಗಿಗೆ ಹೊರಟವರು ಈ ಪ್ರದಕ್ಷಿಣೆ ಕಂಡು ನಿಂತರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಅವ್ವಾರ, ಇದು ಮಳಿಗಿಡಾ ಅಂತ. ನಮ್ಮ ದೇಶದ್ದೂ ಅಲ್ರಿ ಇದು."

ಅತ್ತೆಯವರು ಆರತಿ ತಟ್ಟೆಯನ್ನು ಇಳಿಸಲಿಲ್ಲ. "ನಾವು ಇಷ್ಟು ವರ್ಷಾ ಕುಂಕುಮಾ ಹಚ್ಚೇವ್ರಿ. ಕುಂಕುಮಾ ಹಚ್ಚಿಸಿಕೊಂಡ ಮ್ಯಾಲೆ ಅದು ಬನ್ನೀನ. ನಿಮ್ಮ ಪುಸ್ತಕದಾಗ ಬ್ಯಾರೆ ಹೆಸರಿದ್ರ ಪುಸ್ತಕಾ ತಿದ್ದಕೋರಿ," ಅಂದರು.

ಮಾಸ್ತರರು ಪ್ರಸಾದದ ಸಕ್ಕರೆ ತೆಗೆದುಕೊಂಡು ಹೋದರು. ನಾನು ಕಿಟಕಿಯಲ್ಲಿ ನಿಂತು ಮಾವನವರ ಮುಖ ನೋಡಿದೆ. ಅವರು ಪ್ರಸಾದಕ್ಕೂ ನಿಲ್ಲದೆ ಒಳಗೆ ಬಂದರು. ಅಂದು ಸಂಜೆ ಮರದ ಬುಡದಲ್ಲಿ ಬಹಳ ಹೊತ್ತು ನಿಂತು ಮೇಲೆ ನೋಡುತ್ತಿದ್ದರು. ಆ ದಸರೆಗೂ, "ಮುಳ್ಳು ಬಂದ್ವೇನವಾ?" ಎಂದು ಕೇಳಿದರು. ಕೇಳುವಾಗ ನನ್ನನ್ನು ನೋಡದೆ ಕೇಳಿದರು.

ಅತ್ತೆಯವರು ತೀರಿಕೊಂಡ ಮೇಲೆ ಪೂಜೆಯ ಗದ್ದಲ ಕಡಿಮೆಯಾಯಿತು. ಎಲೆ ಬೀಳುವುದು ಕಡಿಮೆಯಾಗಲಿಲ್ಲ. ನಾನು ನಸುಕಿನಲ್ಲಿ ಎದ್ದು ಗುಡಿಸುತ್ತಿದ್ದೆ, ಚಹ ಕುಡಿದು ಹೊರಗೆ ಬಂದರೆ ಗುಡಿಸಿದ್ದರ ಗುರುತೇ ಇರುತ್ತಿರಲಿಲ್ಲ. ಕೆಲಸಕ್ಕೆ ಬಂದ ಹೆಂಗಸರು ಒಳಗಿನ ಎಲ್ಲ ಕೆಲಸಕ್ಕೂ ಹೂಂ ಎಂದು, ಹೊರಗೆ ಬಂದು ಮೇಲೆ ನೋಡಿ, "ಅಂಗಳಾ ಮಾತ್ರ ನೀವ ನೋಡ್ಕೋರಿ ಅಕ್ಕಾರ," ಎನ್ನುತ್ತಾರೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಗಿಸಿದ ನೆನಪೇ ನನಗಿಲ್ಲ. ಶ್ಯಾವಿಗೆಯನ್ನು ಹೊತ್ತುಕೊಂಡು ಮೂರನೆಯ ಮನೆಯ ಮಾಳಿಗೆಗೆ ಹೋಗುತ್ತೇನೆ, ಬಿಸಿಲು ಸಾಲ ಕೇಳಲು ಹೋದವಳ ಹಾಗೆ.

ಮರವನ್ನು ಪ್ರೀತಿಸುವವರಿಗೆ ಮಾತ್ರ ಕೊರತೆಯಿಲ್ಲ. ತರಕಾರಿ ಗಾಡಿಯವನು ಮಧ್ಯಾಹ್ನ ಅಲ್ಲಿಯೇ ಗಾಡಿ ನಿಲ್ಲಿಸಿ ನಿದ್ದೆ ತೆಗೆಯುತ್ತಾನೆ. ಪಾಟೀಲರು ತಮ್ಮ ಕಾರನ್ನು ತಮ್ಮ ಶೆಡ್ಡಿನಲ್ಲಿಡದೆ ನಮ್ಮ ನೆರಳಿನಲ್ಲಿಡುತ್ತಿದ್ದರು, ಆಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆ ಎಂದು ನಮಗೇ ಹೇಳುತ್ತಿದ್ದರು. ನನ್ನ ನಾದಿನಿ ಸುವರ್ಣಾ ಹುಬ್ಬಳ್ಳಿಯಲ್ಲಿದ್ದಾಳೆ. ಬಂದಾಗಲೆಲ್ಲ ಕಾಂಡಕ್ಕೆ ಕೆನ್ನೆ ಒತ್ತಿ ಫೋಟೋ ತೆಗೆಸಿಕೊಂಡು ಫೋನಿನಲ್ಲಿ ಹಾಕುತ್ತಾಳೆ, 'ಅಪ್ಪನ ನೆರಳು' ಎಂದು ಬರೆದು. ಆ ಫೋಟೋದ ಮೂಲೆಯಲ್ಲಿ ಬಗ್ಗಿಕೊಂಡಿರುವ ಒಂದು ಬೆನ್ನು ಕಾಣುತ್ತದೆ. ಅದು ನನ್ನದು.

ಈ ವರ್ಷದ ಮಳೆಗಾಲದಲ್ಲಿ ಒಂದು ದಿನ ಗಾಳಿಗೆ ದೊಡ್ಡ ಟೊಂಗೆ ಮುರಿದು ಪಾಟೀಲರ ಕಾರಿನ ಮೇಲೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಶಿವನ ದಯೆ. ಗಾಜು ಚೂರುಚೂರು. ಪಾಟೀಲರು ಒಳ್ಳೆಯವರು, ಜಗಳಾಡಲಿಲ್ಲ. ದಿನಾ ಬಂದು ಮೇಲೆ ನೋಡಿ ನಿಟ್ಟುಸಿರು ಬಿಟ್ಟು ಹೋಗತೊಡಗಿದರು. ಅದು ಜಗಳಕ್ಕಿಂತ ಕಷ್ಟ. ನನ್ನ ಗಂಡ ನಿರ್ಧಾರ ಮಾಡಿಬಿಟ್ಟರು. ದಸರೆ ಮುಗಿದ ಮೇಲೆ ಪರವಾನಗಿ ತೆಗೆದುಕೊಂಡು ಮರವನ್ನು ಬುಡಸಹಿತ ಕಡಿಸುವುದು. ಅದಕ್ಕೊಂದು ಕಾರಣವೂ ಸಿಕ್ಕಿತು.

"ಗಿರಿಜಾನ ಭುಜಾ ನೋಡ್ರಿ ಹೆಂಗಾಗೇತಿ. ಡಾಕ್ಟರ್ ಕಸಾ ಹೊಡೀಬಾರ್ದು ಅಂದಾರ."

ಇಷ್ಟು ವರ್ಷಗಳಲ್ಲಿ ನನ್ನ ಭುಜದ ಮೇಲೆ ಅವರಿಗೆ ಕಾಳಜಿ ಹುಟ್ಟಿದ್ದು ಪಾಟೀಲರ ಕಾರಿನ ಗಾಜು ಒಡೆದ ಮೇಲೆ.

ಸುದ್ದಿ ಕೇಳಿ ಸುವರ್ಣಾ ಓಡಿಬಂದಳು. ಪಡಸಾಲೆಯಲ್ಲಿ ಪಂಚಾಯಿತಿ ಕೂತಿತು. ಅವಳು ಅತ್ತಳು: "ಅಪ್ಪಾ ಕೈಯಾರೆ ಹಚ್ಚಿದ ಗಿಡಾ, ಅಣ್ಣಾ. ಅವ್ವಾ ಪೂಜಿ ಮಾಡಿದ ಗಿಡಾ. ನಿನಗ ಕೈ ಹೆಂಗ ಬರ್ತೈತಿ?" ಗಂಡ ನನ್ನ ಭುಜದ ಮಾತೆತ್ತಿದರು. ಅವಳು ಅಡಿಗೆಮನೆಯಲ್ಲಿದ್ದ ನನ್ನ ಕಡೆ ಕೈ ಮಾಡಿ, "ವೈನಿಗೆ ಒಬ್ಬಾಕಿ ಕೆಲಸದಾಕೀನ ಇಟ್ಟ ಕೊಡು," ಎಂದಳು. ಮಾವನವರು ತಮ್ಮ ಮರದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಚಹ ಆಯಿತೇ ಎಂದು ಕೇಳಿದರು, ಅಷ್ಟೆ.

ನಾನು ಒಲೆಯ ಮುಂದೆ ನಿಂತು ಯೋಚಿಸಿದೆ. ಈ ಮರ ಹೋಗಲಿ ಎಂದು ನಾನು ಬೇಡಿಕೊಳ್ಳದ ದಿನವಿಲ್ಲ. ಈಗ ಹೋಗುವ ಕಾಲ ಬಂದರೆ ಸಂತೋಷವೂ ಆಗಲಿಲ್ಲ. ನನಗೆ ಬರೇ ದಣಿವಾಗಿತ್ತು. ಹಚ್ಚುವಾಗಲೂ ನನ್ನ ಮಾತು ನಡೆಯಲಿಲ್ಲ, ಕಡಿಯುವಾಗಲೂ ನನ್ನ ಮಾತು ಬೇಕಾಗಿಲ್ಲ. ಹಚ್ಚಿದ್ದಕ್ಕೂ ಕಡಿಯುವುದಕ್ಕೂ ನಡುವೆ ಗುಡಿಸಿದ್ದು ಮಾತ್ರ ನನ್ನ ಪಾಲಿಗೆ. ನಾನು ಅವತ್ತು ಹೇಳಿದ್ದು ಖರೇ ಇತ್ತು ಎಂದು ಈ ಮನೆಯಲ್ಲಿ ಒಬ್ಬರು ಒಮ್ಮೆ ಹೇಳಿದ್ದರೆ ಭುಜ ಇಷ್ಟು ನೋಯುತ್ತಿರಲಿಲ್ಲವೇನೋ. ಮೂಳೆಯ ಡಾಕ್ಟರಮ್ಮನಿಗೆ ಇದನ್ನು ಹೇಳಲಾದೀತೇ?

ದಸರೆಯ ದಿನ ಬೆಳಗ್ಗೆ ಮಾವನವರು, "ಕಟಿಂಗ್ ಮಾಡಿಸ್ಕೊಂಡು ಬರ್ತೇನಿ," ಎಂದು ಕೈಚೀಲ ಹಿಡಿದು ಹೊರಟರು. ಕಟಿಂಗಿಗೆ ಕೈಚೀಲ ಯಾಕೆ ಎಂದು ಹೋಳಿಗೆಯ ಗಡಿಬಿಡಿಯಲ್ಲಿ ನನಗೆ ಹೊಳೆಯಲಿಲ್ಲ. ಊಟದ ಹೊತ್ತು ಮೀರಿತು. ಗಂಡ ಸ್ಕೂಟರ್ ತೆಗೆದುಕೊಂಡು ಕಟಿಂಗ್ ಅಂಗಡಿಗೆ ಹೋಗಿ ಬಂದರು. ಅಲ್ಲಿಗೆ ಬಂದೇ ಇಲ್ಲವಂತೆ. ಹಬ್ಬಕ್ಕೆ ಬಂದಿದ್ದ ಸುವರ್ಣಾ ಮತ್ತೆ ಅಳಲು ಶುರು ಮಾಡಿದಳು: "ಗಿಡಾ ಕಡಿತಾರಂತ ಮನಸಿಗೆ ಹಚ್ಕೊಂಡು ಎಲ್ಲ್ಯೋ ಹೋದ." ನಾನು ಒಲೆ ಬಿಟ್ಟು ಗೇಟಿನ ತನಕ ಹೋಗಿ ನೋಡಿ ಬಂದೆ. ಹೋಳಿಗೆ ಒಂದು ಕಡೆ ಹೊತ್ತಿತು.

ಇಳಿಹೊತ್ತಿನಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಮಾವನವರು ಇಳಿದರು. ಧೋತರದ ಅಂಚಿಗೆಲ್ಲ ಕರಿಮಣ್ಣು. ತಲೆಗೂದಲು ಹೋದಾಗ ಎಷ್ಟಿತ್ತೋ ಅಷ್ಟೇ ಇತ್ತು. ಕೈಯ ಮೇಲೆ ಗೀರುಗಳು.

"ಎಲ್ಲಿ ಹೋಗಿದ್ರಿ? ಕೈಗೇನಾತ್ರಿ?" ಎಂದೆ.

"ಕತ್ತರಿ ತಾಗಿತವಾ," ಎಂದು ಕೈಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಒಳಗೆ ಹೋದರು. ಅರಿಷಿಣ ಹಚ್ಚಲು ಹೋದರೆ ಆಮೇಲೆ ಎಂದರು.

ಸಂಜೆ ದೇವರಿಗೆ ಬನ್ನಿ ಏರಿಸಿ ಆಯಿತು. ನಮ್ಮಲ್ಲಿ ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಎರಗುವುದು ಪದ್ಧತಿ. ನಾನು ನಮ್ಮ ಮರದ ಮಡಚಿಕೊಂಡ ಎಲೆ ಹಿಡಿದು ಮಾವನವರ ಮುಂದೆ ಬಗ್ಗಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ತಡಿ. ಇವತ್ತ ಮೊದಲ ನಾ ಕೊಡ್ತೇನಿ."

ಕೈಚೀಲದಿಂದ ಒಂದು ಟೊಂಗೆ ತೆಗೆದು ನನ್ನ ಕೈಯಲ್ಲಿಟ್ಟರು. ಸವರಿದ ಸೊಪ್ಪಲ್ಲ, ಗಿಡದಿಂದ ಮುರಿದ ಹಾಗೆಯೇ ಇದ್ದ ಟೊಂಗೆ. ನಾನು ಯೋಚಿಸದೆ ಮುಷ್ಟಿ ಮುಚ್ಚಿದೆ. ಬೆರಳಿಗೆ ಚುಚ್ಚಿತು.

"ಬಂದ್ವು ನೋಡವಾ, ಮುಳ್ಳು," ಅಂದರು ಮಾವನವರು.

ಗಂಡ ನಗಲು ಬಾಯಿ ತೆರೆದವರು ಅಪ್ಪನ ಮುಖ ನೋಡಿ ಮುಚ್ಚಿಕೊಂಡರು.

"ಅಮ್ಮಿನಬಾವಿಗೆ ಹೋಗಿದ್ದೆ. ನಿಮ್ಮ ಹೊಲದಾಗ ಐತಲ್ಲ, ಅದ ಗಿಡದ್ದು. ನಿಮ್ಮಣ್ಣಗ ಹೇಳಬ್ಯಾಡ ಅಂದಿದ್ದೆ, ಅದಕ್ಕ ನಿನಗ ಫೋನ್ ಮಾಡಿಲ್ಲ ಅಂವ." ಕೈಚೀಲ ಮಡಚುತ್ತ, "ನೀ ಅವತ್ತ ಖರೇನ ಹೇಳಿದ್ದಿ. ನನಗೂ ಭಾಳ ವರ್ಷದ ಹಿಂದ ಗೊತ್ತಾಗಿತ್ತು. ಅಷ್ಟ ಮಂದಿ ಮುಂದ ಹೆಂಗ ಹೇಳಬೇಕು ತಿಳೀಲಿಲ್ಲವಾ," ಎಂದರು.

ನನಗೆ ಅಳು ಬಂತು. ಮುಳ್ಳು ಚುಚ್ಚಿದ್ದಕ್ಕೇ ಅಂದುಕೊಳ್ಳಲಿ ಎಂದು ಬೆರಳನ್ನು ಬಾಯಿಗೆ ಇಟ್ಟುಕೊಂಡೆ.

"ಇನ್ನ ಗಿಡದ್ದು," ಎಂದರು ಮಾವನವರು, ಮಗನ ಕಡೆಗೂ ಮಗಳ ಕಡೆಗೂ ನೋಡದೆ. "ಹಚ್ಚೂಮುಂದ ನಿನ್ನ ಮಾತು ಕೇಳಲಿಲ್ಲ. ಈಗ ನೀ ಹೇಳಿದಂಗ. ಇಡು ಅಂದ್ರ ಇಡೂಣು, ಕಡಿ ಅಂದ್ರ ಕಡಸೂಣು."

ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು. ಕಿಟಕಿಯ ಹೊರಗೆ ಮರ ಎಲೆ ಮಡಚಿಕೊಂಡು ನಿಂತಿತ್ತು. ಅದರದೇನು ತಪ್ಪು? ಅದೇನು ತಾನು ಬನ್ನಿ ಎಂದು ಹೇಳಿಕೊಂಡು ಬಂದಿತ್ತೇ? ಭಾಂಡೆ ತೊಳೆದ ನೀರು ಕುಡಿದು ಇಷ್ಟು ದೊಡ್ಡದಾಗಿತ್ತು.

"ಕಡಿಯೂದು ಬ್ಯಾಡ್ರಿ," ಅಂದೆ. "ರಸ್ತೆ ಕಡೆ, ಪಾಟೀಲರ ಕಡೆ ಹೋದ ಟೊಂಗಿ ತಗಸ್ರಿ, ಸಾಕು. ಗಿಡಾ ಇರ್ಲಿ. ಆದ್ರ ನಾ ಇನ್ನ ಕಸಾ ಹೊಡಿಯಂಗಿಲ್ಲ."

ಸುವರ್ಣಾ ನನ್ನನ್ನು ತಬ್ಬಿಕೊಂಡಳು. ಮಾತಿನ ಎರಡನೆಯ ಅರ್ಧ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಟೊಂಗೆ ತೆಗೆಸಿ ಆಯಿತು. ದಸರೆ ಕಳೆದು ದೀಪಾವಳಿಯೂ ಬಂತು. ನಾನು ಅಂಗಳಕ್ಕೆ ಇಳಿದಿಲ್ಲ. ಎಲೆ ಬಿತ್ತು, ಅದರ ಮೇಲೆ ಮತ್ತೆ ಬಿತ್ತು. ಗೇಟು ತೆರೆಯುವಾಗ ಬುಸ್ ಎಂದು ಸದ್ದಾಗುವಷ್ಟು ಬಿತ್ತು. ಗಂಡ ಒಂದು ದಿನ, "ಎಲಿ ಭಾಳ ಬಿದ್ದಾವಲ್ಲ," ಎಂದರು. "ಹೌದ್ರಿ," ಎಂದೆ. ಮಾರನೆಯ ದಿನ, "ಹಾವು ಹುಳಾ ಬಂದಾವು," ಎಂದರು. "ಬರಬಹುದ್ರಿ," ಎಂದೆ. ಒಳಗೊಳಗೆ ಕೈ ತುರಿಸುತ್ತಿತ್ತು. ಇಷ್ಟು ವರ್ಷದ ಚಟ, ಎದ್ದು ಹೋಗಿ ಬಳಿದುಬಿಡಲೇ ಅನ್ನಿಸುತ್ತಿತ್ತು. ಭುಜದ ಆಣೆ ಹಾಕಿಕೊಂಡು ಕೂತೆ.

ಇವತ್ತು ಬೆಳಗ್ಗೆ ಎಚ್ಚರವಾದಾಗ ಹೊರಗಿನಿಂದ ಕಸಬರಿಗೆಯ ಸದ್ದು. ಎದ್ದು ನೋಡಬೇಕು ಎನ್ನಿಸಿತು, ನೋಡಲಿಲ್ಲ. ಚಾದರ ಎಳೆದುಕೊಂಡು ಕಣ್ಣು ಮುಚ್ಚಿ ಕೇಳಿದೆ. ಅಪ್ಪನೋ ಮಗನೋ ತಿಳಿಯದು. ಆ ಒಂದೇ ಕಡೆ ಸವೆದ ಕಸಬರಿಗೆ ಅವರ ಕೈಗೆ ಒಗ್ಗುತ್ತಿಲ್ಲ, ಮತ್ತೆ ಮತ್ತೆ ನೆಲಕ್ಕೆ ಬಡಿದು ಸರಿಮಾಡಿಕೊಳ್ಳುತ್ತಿದ್ದಾರೆ. ಅದೂ ಅಲ್ಲದೆ ಗಾಳಿಗೆ ಎದುರಾಗಿ ಗುಡಿಸುತ್ತಿದ್ದಾರೆ. ಸೇರಿಸಿದ್ದೆಲ್ಲ ಹಿಂದಕ್ಕೆ ಹಾರುತ್ತಿರಬೇಕು, ನಡುನಡುವೆ ಒಂದೊಂದು ನಿಟ್ಟುಸಿರು.

ಹೇಳಿಕೊಡಬಹುದಿತ್ತು. ಮಗ್ಗುಲಾಗಿ ಮತ್ತೆ ಮಲಗಿದೆ.